ಕಲ್ಲಿಗೆ ಕೌದಿ

ಬೆಳಗಿನ ಐದಕ್ಕೆ ಡ್ರಮ್ಮಿನ ನೀರಿಗೆ ಕರಣೆಯ ಹಿಡಿ ಬಡಿದೆ.
ಬಾಗಿಲು ತಟ್ಟಿದ ಹಾಗೆ ಸಪ್ಪಳ.
ಒಳಗೆ ಯಾರೂ ಇರಲಿಲ್ಲ.

ಒಮಾನಿನ ಸೈಕ್ ಎಂಬ ಊರು, ಹಸಿರುಬೆಟ್ಟದ ನೆತ್ತಿ.
ಹಸಿರು ಎಂಬುದು ಅವರ ಮಾತು; ನಾನು ಕಂಡದ್ದು ಬೂದಿ.
ಕೆಳಗೆ ಮಸ್ಕತ್ತಿನಲ್ಲಿ ಈಗಲೂ ಅಂಗಿಯ ತೋಳು ಮಡಚುತ್ತಾರೆ.
ಅರಬಸ್ತಾನದಲ್ಲಿ ನೀರು ಕಲ್ಲಾಗಿದೆ ಎಂದು ಫೋನಿನಲ್ಲಿ ಹೇಳಿದರೆ
ತಂಗಿ ಕಾಶಿಬಾಯಿ ನಕ್ಕಳು:
ಅಣ್ಣಾ, ಸುಳ್ಳಿಗೂ ಒಂದು ಅಳತಿ ಇರ್ತದ.

ನನಗೆ ಗೊತ್ತಿದ್ದ ಕಲ್ಲು ಶಹಾಬಾದಿನದು,
ರೊಟ್ಟಿ ಒಟ್ಟಿದ ಹಾಗೆ ಪದರು ಪದರಾಗಿ
ನೆಲವೇ ಎತ್ತಿಕೊಡುವ ನೀಲಿಗಪ್ಪು ಫರಸಿ.
ನನಗೆ ಗೊತ್ತಿದ್ದ ವೈರಿ ಬಿಸಿಲು:
ಗೋಣಿತಟ್ಟು ತೋಯಿಸಿ ಹೊದಿಸು, ಹತ್ತು ದಿನ ನೀರುಣಿಸು,
ಗಾರೆ ಬಾಯಾರಬಾರದು.
ಸೊಹಾರಿನಲ್ಲಿ ಐದು ಬೇಸಿಗೆ, ಕಾಂಕ್ರೀಟಿಗೆ
ಐಸು ಸುರಿಯುವುದನ್ನು ಕಣ್ಣಾರೆ ನೋಡಿದ್ದೇನೆ.
ಇಲ್ಲಿ ಅದೇ ಸಿಮೆಂಟಿಗೆ
ಚಹಾದ ಒಲೆಯ ಮೇಲೆ ನೀರು ಕಾಯಿಸುತ್ತೇವೆ,
ಬಾಣಂತಿಗೆ ಕಾಯಿಸಿದ ಹಾಗೆ, ಬೆರಳದ್ದಿ ನೋಡಿ.

ಕಲಿಸಿದವನು ಗುಲ್‌ಝಮೀರ್, ಸ್ವಾತ್ ಕಣಿವೆಯವನು,
ಹಿಮದಲ್ಲೇ ಹಲ್ಲು ಬಂದವನು.
ಗಾರೆಯೊಳಗಿನ ನೀರು ಹೆಪ್ಪಾದರೆ ಉಬ್ಬುತ್ತದೆ ಉಸ್ತಾದ್,
ಉಬ್ಬಿದ್ದು ಕರಗಿದರೆ ಜಾಗ ಖಾಲಿ.
ಆಮೇಲೆ ಅದು ಸಿಮೆಂಟಲ್ಲ, ಸಕ್ಕರೆ.
ಮರಳನ್ನು ತಾಡಪತ್ರಿಯಡಿ ಮಲಗಿಸು.
ಕಲ್ಲಿನ ಬೆನ್ನು ಒರೆಸಿ ಕೂರಿಸು.
ಮಧ್ಯಾಹ್ನ ಮೂರರ ನೆರಳು ಅಂಗಳ ಮುಟ್ಟುವ ಮುಂಚೆ ಕೈ ತೊಳೆ.

ಕೈ ತೊಳೆಯುವುದೇ ಕಷ್ಟ.
ಬೆರಳ ಸೀಳಿನೊಳಗೆ ಸಿಮೆಂಟು ಹೊಕ್ಕು ಉರಿಯುತ್ತದೆ;
ವ್ಯಾಸಲೀನು ಬಳಿದು, ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಲಗುತ್ತೇವೆ,
ರಾತ್ರಿ ಯಾರು ಮಗ್ಗುಲಾದರೂ
ಅಂಗಡಿಯಲ್ಲಿ ಗಿರಾಕಿ ಬಂದಂತೆ ಪರಪರ.

ಹೋಟೆಲಿನವರಿಗೆ ತಾರೀಖಿತ್ತು. ಶುಕ್ರವಾರ ಅತಿಥಿಗಳು.
ಬುಧವಾರ ನೆರಳು ಬಂತು, ಅಂಗಳ ದಾಟಿತು,
ಗೋಡೆ ಹತ್ತಿತು. ದೀಪ ಹಚ್ಚಿಕೊಂಡು ಹಾಸಿದೆವು.
ಇಂಜಿನಿಯರು ಕಾರಿನ ಗಾಜು ಇಳಿಸದೆ ಹೆಬ್ಬೆರಳು ತೋರಿಸಿದ.
ಆಕಾಶ ತಿಕ್ಕಿ ತೊಳೆದಿಟ್ಟ ತಟ್ಟೆ.
ಗುಲ್‌ಝಮೀರ್ ಗಾಳಿ ಮೂಸಿ ಅಂದ: ಇವತ್ತು ಕಚ್ಚುತ್ತದೆ.

ಗೋಣಿ ಸಾಲಲಿಲ್ಲ. ಸಿಮೆಂಟಿನ ಖಾಲಿ ಚೀಲ, ರಟ್ಟು,
ಅವೂ ಸಾಲಲಿಲ್ಲ.
ಕಾವಲಿನ ಮುದುಕ ಝಾಹಿರ್ ತನ್ನ ಜಮಖಾನ ಹೊತ್ತು ತಂದ.
ಫರಸಿ, ಅಂದೆ ನಾನು, ಕಲ್ಲು ತೋರಿಸಿ.
ಫರ್ಶ್, ಅಂದ ಅವನು, ಜಮಖಾನ ತೋರಿಸಿ.
ಇಬ್ಬರೂ ಒಂದೇ ಮಾತಾಡಿದೆವೋ ಏನೋ. ನಕ್ಕೆವು.

ಆಮೇಲೆ ನಮ್ಮ ಹಾಸಿಗೆಗಳು.
ಏಳು ಜನಕ್ಕೆ ಏಳು ಹೊದಿಕೆ. ಲಾಡ್ಲೇಸಾಬನಿಗೆ ಮೂರು ದಿನದ ಜ್ವರ,
ಅವನ ಕಂಬಳಿ ಯಾರೂ ಮುಟ್ಟಲಿಲ್ಲ.
ನನ್ನದು ಕೌದಿ: ಕಾಶಿಬಾಯಿಯ ಎರಡು ಸೀರೆ, ನನ್ನ ಹರಿದ ಲುಂಗಿ,
ಯಾರದೋ ಕುಬಸದ ಚೌಕ ತುಂಡು.
ಹನ್ನೊಂದು ವರ್ಷ ನನ್ನನ್ನು ಹೊದ್ದದ್ದನ್ನು
ಕಾರಂಜಿಯ ಬದಿಗೆ ಹಾಸಿ,
ಗಾಳಿಗೆ ಹಾರದಂತೆ ಅಂಚಿಗೆ ಇಟ್ಟಿಗೆ ಹೇರಿದೆ.

ಒಂದೇ ಹೀಟರು. ಆರು ಜನ, ಬೆನ್ನಿಗೆ ಬೆನ್ನು.
ಯಾರೂ ನಿದ್ದೆ ಮಾಡಲಿಲ್ಲ, ಯಾರೂ ಹಾಗೆ ಹೇಳಲಿಲ್ಲ.

ಬೆಳಿಗ್ಗೆ ಎತ್ತಿದರೆ ಕೌದಿ ಹಲಗೆಯಾಗಿತ್ತು.
ಗೋಡೆಗೆ ಆನಿಸಿದೆ, ನಿಂತಿತು.
ಬಗ್ಗಿ, ಕರಣೆಯ ಹಿಡಿಯಿಂದ ತಟ್ಟುತ್ತ ಹೋದೆ.
ಠಣ್. ಠಣ್.
ಝಾಹಿರನ ಜಮಖಾನದಡಿ ಠಣ್.
ಒಂದು ಕಂಬಳಿಯಷ್ಟೇ ಕಡಿಮೆಯಾದ ಆ ಮೂಲೆಯಲ್ಲಿ
ಬೊದ್.

ಐದು ಕಲ್ಲು.
ನಾಲ್ಕನ್ನು ಎಬ್ಬಿಸಿ, ಸಕ್ಕರೆ ಕೆರೆದು,
ಬಿಸಿನೀರಲ್ಲಿ ಕಲಸಿ ಮತ್ತೆ ಕೂರಿಸುವಷ್ಟರಲ್ಲಿ
ಐದನೆಯದರ ಮೇಲೆ ಹೋಟೆಲಿನವರು
ನಾಲ್ವರು ಎತ್ತುವಂಥ ಕುಂಡ ತಂದಿಟ್ಟು ಹೋಗಿದ್ದರು,
ಎಲೆಯಿಲ್ಲದ ಗುಲಾಬಿ ಗಿಡ.
ಅದರ ಮೇಲೆ ಯಾರೂ ನಡೆಯುವುದಿಲ್ಲ.
ಎಲ್ಲಿದೆ ಎಂದು ನನಗೆ ಗೊತ್ತು.

ಸಂಜೆ ಲಾಡ್ಲೇಸಾಬ ಎದ್ದು ಕೂತ, ಬೆವತಿದ್ದ.
ಎಲ್ಲಾ ಗಟ್ಟಿ ಕುಂತದೇನು, ಅಂತ ಕೇಳಿದ.
ಕುಂತದ, ಅಂದೆ. ಗಂಜಿ ಕುಡಿ.