ನಲವತ್ತೊಂದು ಕಿಟಕಿ

ಮೊದಲು ವೋಡ್ಕಾ ಭಟ್ಟಿ, ಆಮೇಲೆ ಶಾಲೆ,
ಈಗ ನಮ್ಮ ಮನೆ. ಅಂದರೆ
ಅಡಿಗೆಕೋಣೆ ನಮ್ಮದು, ಉಳಿದದ್ದೆಲ್ಲ ಗಾಳಿಯದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಇಲ್ಲಿ ಹಾಸಿಗೆಯೇ ಮೈದಾನ;
ಚಾಚಲಿಕ್ಕೆ ಇಬ್ಬರದೂ ಸೇರಿ ನಾಲ್ಕೇ ಕಾಲು.

ಕಿಟಕಿ ನಲವತ್ತೊಂದು. ಈ ವರ್ಷದ ದುಡ್ಡಿಗೆ ಮೂರು.
ಯಾವ ಮೂರು?
ತಾರ್ವೊ ಬಡಗಣ ಗೋಡೆಯವು ಅಂದ,
ನಾನು ಮೆಟ್ಟಿಲ ಮೇಲಿನವು ಅಂದೆ.
ಅಷ್ಟರಲ್ಲಿ ಮಾಡೇ ಬಾಯಿಬಿಟ್ಟಿತು,
ಪಿಯಾನೊ ಇದ್ದ ಮೂಲೆಯಲ್ಲಿ, ತೊಟ್ ತೊಟ್.
ಮೂರೂ ಕಿಟಕಿ ವೋರು ಪೇಟೆಯಲ್ಲಿ
ತಗಡಾಗಿ ಬಂದು ಮೇಲೇರಿದವು.

ನವೆಂಬರಿನಲ್ಲಿ ಕಾರಿಡಾರಿನ ಹಸಿರು ಬಣ್ಣ ಕೆರೆಯುತ್ತ
ಗೂಟಗಳ ಸಾಲು ಸಿಕ್ಕಿತು, ಗೂಟಕ್ಕೊಂದು ನಂಬರು.
ಮೊಟ್ಟೆ ಕೊಡಲು ಬಂದ ಹೆಲ್ಯು ಅಜ್ಜಿ
ಹದಿನೇಳರ ಮುಂದೆ ನಿಂತಳು.
ಏನೂ ಹೇಳಲಿಲ್ಲ. ಕೋಟು ಬಿಚ್ಚಿ ತೂಗುಹಾಕಿದಳು,
ಒಳಗೇ ಸೊನ್ನೆಗಿಂತ ಎರಡು ಕೆಳಗೆ,
ಬರಿ ಸ್ವೆಟರಿನಲ್ಲಿ ಕೂತು ಕಾಫಿ ಕುಡಿದಳು.

ಹೊರಡುವಾಗ ಕೇಳಿದಳು,
ಒಲೆ ಇನ್ನೂ ಹೊಗೆ ಕಾರುತ್ತದಾ?
ಕಾರುತ್ತದೆ.
ಆಗಲೂ ಕಾರುತ್ತಿತ್ತು, ಅಂದಳು, ಖುಷಿಯಾದವಳ ಹಾಗೆ.

ಗೂಟ ಕೀಳುವ ಕೆಲಸ ಪಟ್ಟಿಯಲ್ಲಿತ್ತು.
ರಾತ್ರಿ ಗೀಟು ಹೊಡೆದೆ.
ತಾರ್ವೊ ಕೇಳಿದರೆ ಹೇಳಬಹುದು,
ಅಷ್ಟು ಖರ್ಚು ಉಳಿಯಿತು ಅಂತ.