ತಾಯಿಯ ಹೆಸರಿನ ಅಂಕಣ

ಸಭೆಗೆ ನೂರೈವತ್ತು ತುಂಬುತ್ತದಂತೆ.
ಸ್ಮರಣಸಂಚಿಕೆಗೆ ಒಂದು ಪುಟ ಬೇಕು, ಫೋಟೋ ಇದ್ದರೆ ಒಳ್ಳೆಯದು,
ನಿಮ್ಮ ಮುತ್ತಜ್ಜನಲ್ಲವೆ ಮೊದಲ ದೇಶೀ ಪಾದ್ರಿ, ಎಂದರು ದಯಾನಂದ ಮಾಸ್ತರು,
ಚಹದ ಲೋಟ ಕೆಳಗಿಡುತ್ತ: ವಂಶಾವಳಿ ಚಿಕ್ಕದಾಗಿರಲಿ.

ಮೂವತ್ತೊಂದು ವರ್ಷ ಶಿವಮೊಗ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ
ಊರವರ ಹೊಲ, ಮನೆ, ಮದುವೆ ನಕಲು ತೆಗೆದವಳು ನಾನು.
ಶಾಯಿ ಎಲ್ಲಿ ತಡವರಿಸಿತು, ಗೆರೆ ಯಾಕೆ ದಪ್ಪವಾಯಿತು,
ನೋಡಿದರೆ ತಿಳಿಯುತ್ತದೆ.
ನಮ್ಮ ಮನೆಯದನ್ನು ಮಾತ್ರ ನೋಡಿರಲಿಲ್ಲ.

ಕೇಳಿದ್ದು ಹೀಗೆ:
ಹೊಳೆಹೊನ್ನೂರಿನ ಆಚೆ ಕುರಿ ಕಾಯುತ್ತಿದ್ದ ಬೀರಣ್ಣ,
ಮಲೆಸೀಮೆಗೆ ಮಂದೆ ಹೊಡೆದುಕೊಂಡು ಹೋಗಿ ಜ್ವರ ಹೊತ್ತು ಬಂದ.
ದೊರೆಸಾನಿಯ ಕೈಯ ಕಹಿ ಪುಡಿ. ಮೂರನೆಯ ದಿನ ಗಂಜಿ ಕೇಳಿದ.
ಆಮೇಲೆ ಅಕ್ಷರ. ಆಮೇಲೆ
ತುಂಗೆಯ ನೀರು ತಲೆಗೆ ಬಿದ್ದು ಮಲಾಕಿಯಾದ.
ಮದರಾಸಿನಿಂದ ಬಂದ ಬಿಷಪರು ಎರಡೂ ಕೈ ನೆತ್ತಿಯ ಮೇಲಿಟ್ಟರು
(ಹಲ್ಲುನೋವಂತೆ ಅವರಿಗೆ, ಬಾಯಲ್ಲಿ ಲವಂಗ).
ಹೊಸ ಪುಸ್ತಕದಲ್ಲಿ ದೇವರನ್ನೂ ಕುರುಬ ಎಂದೇ ಕರೆದಿದ್ದರು.
ಅದೊಂದು ಮಾತಿಗೆ ಅತ್ತನಂತೆ;
ಬಿಟ್ಟು ಬಂದ ಹೆಸರು ಮೇಲಿನಿಂದ ಮರಳಿ ಬಂದಿತ್ತು.

ಜೊತೆಗೆ ಪ್ರಿಸಿಲ್ಲಮ್ಮ, ಮೈಸೂರಿನ ಅನಾಥಶಾಲೆಯವಳು,
ಕಸೂತಿ, ಕೀರ್ತನೆ, ಕ್ಷಾಮದಲ್ಲಿ ನಲವತ್ತು ಮಕ್ಕಳಿಗೆ ಅಂಬಲಿ.
ಐದು ಮಕ್ಕಳ ತಾಯಿ.
ಹಿರಿಯವ ಯೋಬಪ್ಪ ನನ್ನ ಅಜ್ಜ.
ಇಷ್ಟೇ ಇದ್ದಿದ್ದರೆ ಒಂದು ಪುಟ ಸಾಕಿತ್ತು.

ದೀಕ್ಷಾಸ್ನಾನದ ದಾಖಲೆ: ಯೋಬ, ವಯಸ್ಸು ಎರಡು. ತಂದೆ ಮಲಾಕಿ.
ತಾಯಿಯ ಹೆಸರಿನ ಅಂಕಣದಲ್ಲಿ ಒಂದು ಗೆರೆ.
ಲೇಖನಿ ಒತ್ತಿ ಎಳೆದದ್ದು, ಕೊನೆಯಲ್ಲಿ ಕಾಗದ ತೂತಾಗಿದೆ.
ಪ್ರಿಸಿಲ್ಲಮ್ಮ ಈ ಊರು ಕಂಡದ್ದು
ಅದಾಗಿ ನಾಲ್ಕು ವರ್ಷಕ್ಕೆ.

ಟ್ರಂಕಿನಲ್ಲಿ ಬೈಬಲಿನ ಕೆಳಗೆ ಅವನ ಖರ್ಚಿನ ಪುಸ್ತಕ.
ದೀಪದೆಣ್ಣೆ ನಾಲ್ಕಾಣೆ. ಕುದುರೆಗೆ ಹುರುಳಿ. ಕ್ವಿನೈನು.
ಚಳಿ ಹುಟ್ಟುವ ತಿಂಗಳು, ಪ್ರತಿ ವರ್ಷ, ಸಂತೆಯ ದಿನ:
ಕಂಬಳಿ ಒಂದು, ಎರಡು ರೂಪಾಯಿ, ಮಾಳವ್ವನಲ್ಲಿ. ಚೌಕಾಶಿ ಇಲ್ಲ.
ಹದಿನೆಂಟು ರೂಪಾಯಿ ಸಂಬಳದವನು.
ಹತ್ತೊಂಬತ್ತು ವರ್ಷ.
ಏಳು ಜನರ ಮನೆಗೆ ಎಷ್ಟು ಕಂಬಳಿ ಬೇಕು?

ಹುಡುಗ ಎಷ್ಟೆತ್ತರ ಆದ ಎಂದು ಅವಳು ಕೇಳುತ್ತಿದ್ದಳೆ,
ಇವನು ಕರಿ ನಿಲುವಂಗಿಯ ಸೊಂಟಕ್ಕೆ, ಎದೆಗೆ, ಭುಜಕ್ಕೆ
ಕೈಯಿಟ್ಟು ತೋರಿಸುತ್ತಿದ್ದನೆ,
ಅಥವಾ ಬರೀ ನೂಲು ಮುಟ್ಟಿ ನೋಡಿ ದುಡ್ಡು ಎಣಿಸಿದನೆ,
ಬರೆದಿಲ್ಲ.

ಇಪ್ಪತ್ತನೆಯ ವರ್ಷ ಅಕ್ಷರ ಬೇರೆ.
ದುಂಡಗೆ, ಅನಾಥಶಾಲೆಯಲ್ಲಿ ತಿದ್ದಿಸಿದ್ದು:
ಅಯ್ಯನವರ ಗೋರಿಗೆ ಕಲ್ಲು, ಹನ್ನೆರಡು ರೂಪಾಯಿ.
ಅದರ ಕೆಳಗೆ:
ಕಂಬಳಿ ಒಂದು, ಎರಡು ರೂಪಾಯಿ.
ಹಣ ಯೋಬನ ಕೈಯಲ್ಲಿ ಕಳಿಸಿದೆ.

ಅಜ್ಜನಿಗೆ ಗೊತ್ತಾಯಿತೋ ಇಲ್ಲವೋ. ಅಪ್ಪನಿಗಂತೂ ಅವನು ಹೇಳಲಿಲ್ಲ.
ಇಪ್ಪತ್ತರಲ್ಲಿ ಒಂದು ಉಳಿದಿದೆ, ಅಂಚು ನುಸಿ ತಿಂದದ್ದು.
ಬೈಬಲ್ ಸುತ್ತಿಡುವ ಬಟ್ಟೆ ಅಂದುಕೊಂಡಿದ್ದೆವು.
ನಿನ್ನೆ ರಾತ್ರಿ ಹೊದ್ದು ನೋಡಿದೆ. ಬರಿ ತೋಳಿಗೆ ಚುಚ್ಚುತ್ತದೆ.
ನಿದ್ದೆ ಬಾರದೆ ಎದ್ದು ದೀಪ ಹಾಕಿದೆ.

ಇದಕ್ಕೆ ಸಾಕ್ಷಿಯಿಲ್ಲ. ಕಚೇರಿಗೆ ಯಾರಾದರೂ ತಂದಿದ್ದರೆ
ಹಿಂಬರಹ ಕೊಟ್ಟು ಕಳಿಸುತ್ತಿದ್ದೆ.
ಆದರೂ ವಂಶಾವಳಿಯಲ್ಲಿ ಗೆರೆ ಹೊಡೆದು ಬರೆದೆ: ಮಾಳವ್ವ.
ತಿದ್ದಿದ ಕಡೆ ಚಿಕ್ಕ ಸಹಿ ಹಾಕಬೇಕು, ನಿಯಮ. ಹಾಕಿದೆ.

ಎರಡು ಪುಟ ದಾಟಿತು.
ಫೋಟೋ ಇಲ್ಲವೆಂದು ಮಾಸ್ತರಿಗೆ ಹೇಳಬೇಕು.