ಗಾಜಿಗೆ ಹತ್ತಿದ್ದು

ಕುಂಬಳೆ ಸ್ಟೇಷನ್ನಿನ ಎದುರು ನನ್ನ ಫ್ರೇಮಿನಂಗಡಿ:
ದೇವರು, ಮದುಮಕ್ಕಳು, ತೀರಿಹೋದವರು,
ಎಲ್ಲರಿಗೂ ಮುಕ್ಕಾಲಿಂಚಿನ ಮೊಳೆ.

ಅಂಬುಜಾಕ್ಷಿ ಟೀಚರು ಬಂದ್ಯೋಡಿನ ಬಸ್ಸಿಳಿದು
ಹಳೆ ಸೀರೆಯಲ್ಲಿ ಸುತ್ತಿ ತಂದರು
ಮಣಿಯಾಣಿ ಮಾಸ್ತರ ಮೇಜಿನ ಗಾಜು,
ಗಾಜಿಗೆ ಕಚ್ಚಿಕೊಂಡ ಒಂದು ಕಾಗದ,
ಕಾಗದದಲ್ಲಿ ಇದ್ದಿಲಿನ ಇಬ್ಬರು, ತಬ್ಬಿಕೊಂಡವರು.
"ಮೇಲೆ ಯಾವಾಗಲೂ ಡ್ರಾಯಿಂಗ್ ಪುಸ್ತಕದ ರಾಶಿ.
ಯಾವಾಗ ಬರೆದದ್ದೋ ಗೊತ್ತಿಲ್ಲ.
ಯಾರನ್ನು ಅಂತಲೂ."

ಮುಖಗಳಿಲ್ಲ. ಅವಳದ್ದು ಅವನ ಹೆಗಲಲ್ಲಿ ಹುಗಿದಿದೆ,
ಅವನದ್ದು ಅವಳ ಕೂದಲೊಳಗೆ, ಒಂದು ಕಿವಿ ಮಾತ್ರ ಹೊರಗೆ.
ಬೆನ್ನಿನ ಗೆರೆ ಒಂದೇ ಎಳೆತ: ಕುತ್ತಿಗೆಯಿಂದ ಇಳಿದು
ಸೊಂಟದಲ್ಲಿ ತಾನು ಯಾರದ್ದೆಂದು ಮರೆತು
ಇನ್ನೊಬ್ಬರ ತೊಡೆಯಾಗಿ ಮುಗಿಯುತ್ತದೆ.
ಕೈ ಎಣಿಸಿದೆ. ಮೂರು.

ಗಾಜು ಕೊಯ್ಯುತ್ತಿದ್ದ ನೌಫಲ್ ಹೇಳಿದ,
"ಗಲ್ಫಿಗೆ ಹೊರಟವ. ನಾಲ್ಕನೆಯದರಲ್ಲಿ ಪೆಟ್ಟಿಗೆ ಉಂಟು."
ರಿಕ್ಷಾದ ಐತಪ್ಪನಿಗೆ ಒಪ್ಪಿಗೆಯಿಲ್ಲ: "ಬಂದವ ಮಾರಾಯ.
ಹೋಗುವವನನ್ನು ಹೀಗೆ ಹಿಡಿದರೆ ರೈಲು ತಪ್ಪುತ್ತದೆ."
ಮೀನಿನ ಬುಟ್ಟಿ ಇಳಿಸಿ ಗಿರಿಜಕ್ಕ ಬಗ್ಗಿದರು.
"ಹೊಸತಲ್ಲ ಅದು. ಹೊಸತರಲ್ಲಿ ಯಾರೂ
ಇಷ್ಟು ಭಾರ ಬಿಡುವುದಿಲ್ಲ ಇನ್ನೊಬ್ಬರ ಮೇಲೆ,"
ಎಂದು ಒಂದು ಲೋಟ ನೀರು ಕುಡಿದು ಹೋದರು.

ನಾನು ನೋಡಿದ್ದು ಮೊಣಕೈ.
ಉಜ್ಜಿ ಬರೆದು, ಉಜ್ಜಿ ಬರೆದು
ಕಾಗದ ಅಲ್ಲಿ ಅಂಗಿಯ ಕಾಲರಿನ ಹಾಗೆ ಸವೆದಿತ್ತು.
ತಬ್ಬುವ ಕೈಯೋ ತಡೆಯುವ ಕೈಯೋ
ಮಾಸ್ತರಿಗೇ ಇತ್ಯರ್ಥವಾಗಿರಲಿಲ್ಲ.
ಕೆಳಗೆ ಅವಳ ಹಿಮ್ಮಡಿ ಎದ್ದಿದೆ. ಅವನಿಗೆ ಪಾದವೇ ಇಲ್ಲ.
"ಪಾದ ಬರೆಯಲು ಬರುತ್ತಿರಲಿಲ್ಲ ಅವರಿಗೆ," ಟೀಚರು ನಕ್ಕರು.
"ಶಾಲೆಗೋಡೆಯ ಸರಸ್ವತಿಯೂ ಹುಲ್ಲಿನಲ್ಲಿ ಮುಳುಗಿಯೇ ನಿಂತದ್ದು."

ಸುತ್ತಿಗೆ ಹಿಡಿಯುವ ಕೈಗೆ ಒಗ್ಗದ ನಿಧಾನದಲ್ಲಿ
ಕಾಗದ ಬಿಡಿಸಿದೆ. ಅರ್ಧ ಇದ್ದಿಲು ಗಾಜಿನಲ್ಲೇ ಉಳಿಯಿತು.
ಬೆಳಕಿಗೆ ಹಿಡಿದರೆ ಅದೇ ಇಬ್ಬರು, ಮಗುಚಿ:
ಎಡದವಳು ಬಲಕ್ಕೆ ಬಂದು,
ಆತುಕೊಂಡಿದ್ದವಳು ಈಗ ಆಧರಿಸಿ ನಿಂತ ಹಾಗೆ.
ಮೂರನೆಯ ಆ ಕೈ, ಅವನದ್ದೆಂದು ನಾನು ಲೆಕ್ಕ ಹಾಕಿದ್ದು,
ಅವಳದ್ದು.

"ಒರೆಸಲು ಸ್ಪಿರಿಟ್ಟು ತರಲಾ?" ನೌಫಲ್ ಕೇಳಿದ.
ಟೀಚರು ಗಾಜನ್ನು ಆ ಬದಿಯಿಂದ ನೋಡಿದರು,
ಈ ಬದಿಯಿಂದ ನೋಡಿದರು.
ಒಂದು ಗೂಡ್ಸು ಇಡೀ ದಾಟಿ ಹೋಯಿತು.

ಕಾಗದಕ್ಕೆ ತೇಗದ ಚೌಕಟ್ಟು ಎಂದಾಯಿತು.
ನಾನು ಹೇಳಬೇಕಾದ್ದು ಹೇಳಿದೆ: ಇದ್ದಿಲಿಗೂ ಗಾಜಿಗೂ ನಡುವೆ
ಕಾಲಿಂಚು ಬಿಡಬೇಕು ಟೀಚರೇ,
ಇಲ್ಲದಿದ್ದರೆ ಮತ್ತೆ ಹತ್ತುತ್ತದೆ.
"ಬಿಡಿ," ಎಂದರು.
ಯಾವ ಅರ್ಥದ ಬಿಡಿ ಎಂದು ಕೇಳಲಿಲ್ಲ.

ನಾಲ್ಕೂಕಾಲರ ಬಸ್ಸಿಗೆ
ಮಸಿಯ ಬದಿ ಹೊರಗೆ ಮಾಡಿ, ಎದೆಮಟ್ಟಕ್ಕೆ ಹಿಡಿದು ಹತ್ತಿದರು.
"ಚಿಲ್ಲಾಣ್, ಸೂಕ್ಷಿಕ್ಕಣೇ," ಕಂಡಕ್ಟರ್ ಜನ ಸರಿಸಿದ.
ಆ ಇಬ್ಬರ ಹಿಂದೆ ಟೀಚರ ಹಸಿರು ರವಿಕೆ, ಅಷ್ಟು ಕಂಡಿತು.

ಫ್ರೇಮು ಸಿದ್ಧವಾಗಿ ಮೂರು ವಾರ.
ಕಾಲಿಂಚು ಬಿಟ್ಟಿಲ್ಲ.